ಹೊಸ ಕೋಚ್‌ಗಳ ಮೊದಲ ನೂರು ಗಂಟೆ ಯಾರ ಪಾಲಿಗೆ?

ಸಂಪಾದಕರೇ,

ಎಐ ಬಂದ್ಮೇಲೆ ಯಾವ ಕೆಲಸ ಉಳಿಯುತ್ತೆ ಯಾವ್ದು ಹೋಗುತ್ತೆ ಅಂತ ಈಚೆಗೆ ನಿಮ್ಮ ಪತ್ರಿಕೇಲಿ ಬಂದ ಬರಹದಲ್ಲಿ ಪ್ರೊಫೆಷನಲ್ ಕೋಚಿಂಗನ್ನ ಸೇಫ್ ಅನ್ನೋ ಪಟ್ಟಿಗೆ ಸೇರಿಸಿದ್ರಿ. ಇದು ಮನುಷ್ಯರು ಎದುರುಬದುರು ಕೂತು ಮಾತಾಡೋ ಕೆಲಸ, ಮಷೀನ್ ಕೈಲಿ ಆಗಲ್ಲ, ಹಂಗಾಗಿ ಕೋಚ್‌ಗಳು ನೆಮ್ಮದಿಯಾಗಿರಬಹುದು ಅನ್ನೋ ಧಾಟಿ ಅದ್ರಲ್ಲಿತ್ತು. ಈ ಕೆಲಸ ಮಾಡ್ಕೊಂಡೇ ಹೊಸಬರಿಗೆ ಮೆಂಟರ್ ಆಗಿಯೂ ಇರೋದ್ರಿಂದ ನನಗೆ ಅಷ್ಟು ನೆಮ್ಮದಿ ಕಾಣ್ತಿಲ್ಲ. ಹೆಸರು ಮಾಡಿರೋ ಹಿರಿಯ ಕೋಚ್‌ಗಳಿಗೆ ಸದ್ಯಕ್ಕೇನೂ ಆಗಲ್ಲ ಅನ್ನೋದನ್ನ ಒಪ್ತೀನಿ, ಆದ್ರೆ ನಾಳೆ ಅವರ ಜಾಗಕ್ಕೆ ಬರಬೇಕಾದವರು ಹತ್ತಿ ಬರೋ ಏಣಿ ಇದ್ಯಲ್ಲ, ಅದರ ಕೆಳಗಿನ ಮೆಟ್ಟಿಲೇ ಹೋಗ್ತಿದೆ, ಅದ್ರ ಬಗ್ಗೆ ಯಾರೂ ಮಾತಾಡ್ತಿಲ್ಲ.

ನಾನು ಹೇಳ್ತಿರೋದು ಪರೀಕ್ಷೆಗೆ ತಯಾರು ಮಾಡೋ ಕೋಚಿಂಗ್ ಕ್ಲಾಸ್ ಬಗ್ಗೆ ಅಲ್ಲ, ಆಟದ ಕೋಚ್ ಬಗ್ಗೇನೂ ಅಲ್ಲ. ಹೊಸದಾಗಿ ಮ್ಯಾನೇಜರ್ ಆಗಿ ಕೈಕಾಲು ಆಡದೇ ಇರೋರು, ಈ ಕೆಲಸ ಬಿಡ್ಲೋ ಬೇಡ್ವೋ ಅಂತ ವರ್ಷಗಟ್ಟಲೆ ಒದ್ದಾಡ್ತಿರೋರು, ಟೀಮ್ ಜೊತೆ ಯಾವಾಗ್ಲೂ ಕಿತ್ತಾಡ್ಕೊಂಡೇ ಇರೋರು, ಇಂಥವರ ಎದುರು ಕೂತು, ಹಂಗೆ ಮಾಡಿ ಹಿಂಗೆ ಮಾಡಿ ಅಂತ ಉಪದೇಶ ಕೊಡದೆ, ಕೇಳಿಸ್ಕೊಂಡು, ಪ್ರಶ್ನೆ ಹಾಕಿ, ಅವರ ದಾರಿ ಅವರಿಗೇ ಕಾಣೋ ಹಾಗೆ ಮಾಡೋ ಕೆಲಸ ಇದು. ಡಾಕ್ಟರಿಗೆ ವಕೀಲರಿಗೆ ಇರೋ ಥರ ಇದಕ್ಕೆ ಲೈಸೆನ್ಸ್ ಅಂತ ಒಂದಿಲ್ಲ, ನಾಳೆ ಬೆಳಿಗ್ಗೆ ಯಾರು ಬೇಕಾದ್ರೂ ನಾನು ಕೋಚ್ ಅಂತ ಬೋರ್ಡ್ ಹಾಕ್ಕೋಬಹುದು, ಹಾಕ್ಕೊಂಡಿರೋರೂ ಬೇಕಾದಷ್ಟು ಜನ ಇದ್ದಾರೆ (ಅದರ ಕಥೆಗೆ ಬೇರೇನೇ ಪತ್ರ ಬೇಕು ಬಿಡಿ). ಇರೋದ್ರಲ್ಲಿ ಹೆಚ್ಚು ಕಡೆ ನಡೆಯೋದು 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್, ಅಂದ್ರೆ ಐಸಿಎಫ್ ಕೊಡೋ ಸರ್ಟಿಫಿಕೇಟು.

ಆ ಸರ್ಟಿಫಿಕೇಟ್ ಸುಮ್ನೆ ಕ್ಲಾಸಲ್ಲಿ ಕೂತ್ರೆ ಸಿಗಲ್ಲ. ಮೊದಲ ಹಂತ ಎಸಿಸಿಗೆ 60 ಗಂಟೆ ಟ್ರೇನಿಂಗ್ ಜೊತೆಗೆ ನಿಜವಾದ ಕ್ಲೈಂಟ್‌ಗಳ ಜೊತೆ 100 ಗಂಟೆ ಕೋಚಿಂಗ್ ಮಾಡಿರ್ಬೇಕು. ಅದ್ರ ಮೇಲಿನ ಪಿಸಿಸಿಗೆ 500 ಗಂಟೆ, ಇನ್ನೂ ಮೇಲಿನ ಎಂಸಿಸಿಗೆ 2,500 ಗಂಟೆ. ಜೊತೆಗೆ ಮೆಂಟರ್ ಹತ್ರ 10 ಗಂಟೆ. ಇದ್ರಲ್ಲಿ ಹೊರಗಿನವರಿಗೆ ಗೊತ್ತಿಲ್ದಿರೋ ಒಂದು ವಿಷಯ ಇದೆ, ಆ ಮೊದಲ 100ರಲ್ಲಿ 75 ಗಂಟೆ ಕ್ಲೈಂಟ್ ಏನಾದ್ರೂ ಕೊಟ್ಟು ಪಡೆದದ್ದಾಗಿರ್ಬೇಕು, ಪೂರ್ತಿ ಫ್ರೀಯಾಗಿ ಸ್ನೇಹಿತರ ಮೇಲೆ ಪ್ರಯೋಗ ಮಾಡಿದ್ದು ಆ 75ರ ಲೆಕ್ಕಕ್ಕಿಲ್ಲ. 500ರಲ್ಲಿ 450 ಹಾಗೇ ಇರ್ಬೇಕು. ದುಡ್ಡು ಕೊಟ್ಟು ಬಂದವರು ಸುಮ್ನೆ ತಲೆ ಆಡಿಸ್ಕೊಂಡು ಕೂರಲ್ಲ, ಕೋಚ್ ಕೂಡ ಬಿಗಿಯಾಗಿ ಕೂರ್ತಾರೆ, ಅದಕ್ಕೇ ಈ ರೂಲು ಅನ್ಸುತ್ತೆ. ಇಷ್ಟು ದಿನ ಹೊಸಬರು ಹೆಂಗೋ ಕಮ್ಮಿ ಫೀಸಿಗೆ, ದೊಡ್ಡ ಕೋಚ್‌ಗಳ ಫೀಸ್ ಕೊಡೋಕಾಗದವರನ್ನ ಹಿಡ್ಕೊಂಡು ಆ ಗಂಟೆ ತುಂಬಿಸ್ಕೋತಾ ಇದ್ರು.

ಈಗ ಅದೇ ಕಮ್ಮಿ ಫೀಸಿನ ಕ್ಲೈಂಟು ಮೊಬೈಲಲ್ಲಿ ಚಾಟ್‌ಬಾಟ್ ಹತ್ರ ಮಾತಾಡ್ತಾರೆ. ರಾತ್ರಿ ಹನ್ನೊಂದಕ್ಕೂ ಸಿಗುತ್ತೆ, ಅಪಾಯಿಂಟ್‌ಮೆಂಟ್ ಬೇಡ, ನಾಚಿಕೆ ಇಲ್ಲ, ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಮತ್ತೆ ನಿಜ ಹೇಳ್ಬೇಕಂದ್ರೆ, ಅದು ಹೊಸ ಕೋಚ್ ಮಾಡೋದನ್ನ ಹೆಚ್ಚೂಕಮ್ಮಿ ಮಾಡುತ್ತೆ ಕೂಡ. ಹೊಸಬರು ಮೊದಮೊದಲು ಮಾಡೋದಾದ್ರೂ ಏನು? ಜಾನ್ ವಿಟ್‌ಮೋರ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಬೆಳೆಸಿದ ಗ್ರೋ ಮಾಡೆಲ್ ಇಟ್ಕೊಂಡು, ಗುರಿ ಏನು, ಈಗ ಎಲ್ಲಿದ್ದೀರಿ, ಏನೇನು ದಾರಿ ಇದೆ, ಯಾವ್ದನ್ನ ಯಾವಾಗ ಮಾಡ್ತೀರಿ ಅಂತ ಒಂದಾದ್ಮೇಲೆ ಒಂದು ಕೇಳ್ಕೊಂಡು ಹೋಗೋದು, ಮಧ್ಯ ಮಧ್ಯ ಕ್ಲೈಂಟ್ ಹೇಳಿದ್ದನ್ನೇ ಸ್ವಲ್ಪ ತಿರುಗಿಸಿ ಅವರಿಗೇ ಹೇಳೋದು. ಹೇಳಿದ್ದನ್ನೇ ತಿರುಗಿಸಿ ಹೇಳೋ ಈ ಕೆಲಸನ 1966ರಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಎಲಿಜಾ ಅನ್ನೋ ಸಣ್ಣ ಪ್ರೋಗ್ರಾಮ್ ಕೈಲಿ ಮಾಡಿಸಿ ತೋರಿಸಿದ್ರು, ಅದಕ್ಕೆ ಒಂದಕ್ಷರನೂ ಅರ್ಥ ಆಗ್ತಿರ್ಲಿಲ್ಲ, ಆದ್ರೂ ಜನ ಅದರ ಹತ್ರ ಮನಸ್ಸು ಬಿಚ್ಚಿ ಮಾತಾಡಿದ್ರು. ಇವತ್ತಿನ ಬಾಟ್‌ಗಳು ಅದಕ್ಕಿಂತ ಎಷ್ಟೋ ಮುಂದೆ ಹೋಗಿವೆ.

ಇದು ನನ್ನ ಊಹೆ ಅಷ್ಟೇ ಅಲ್ಲ. 2022ರಲ್ಲಿ ಸಂಶೋಧಕ ನಿಕಿ ಟೆರ್‌ಬ್ಲಾನ್ಶ್ ಮತ್ತವರ ಜೊತೆಗಾರರು ಪ್ಲಾಸ್ ಒನ್ ಅನ್ನೋ ಜರ್ನಲ್ಲಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು. ಒಂದು ಕಡೆ ಮನುಷ್ಯ ಕೋಚ್‌ಗಳು, ಇನ್ನೊಂದು ಕಡೆ ಒಂದು ಚಾಟ್‌ಬಾಟು, ಎರಡೂ ಹತ್ತು ತಿಂಗಳ ಪರೀಕ್ಷೆ. ಗುರಿ ತಲುಪಿಸೋ ವಿಷಯದಲ್ಲಿ ಕೊನೆಗೆ ಎರಡೂ ಸಮಸಮ ಅಂತ ಬಂತು. ಗಮನಿಸಿ, ಇದು ಚಾಟ್‌ಜಿಪಿಟಿ ಬರೋಕೆ ಮುಂಚಿನ ಮಾತು, ಆ ಬಾಟ್ ಮೊದಲೇ ಬರೆದಿಟ್ಟ ರೂಲ್ಸ್ ಪ್ರಕಾರ ಪ್ರಶ್ನೆ ಕೇಳ್ತಿದ್ದ ಸರಳ ಯಂತ್ರ. ಆದ್ರೆ ಅದೇ ಬಾಟನ್ನ ಬೇರೊಂದು ಪರೀಕ್ಷೇಲಿ ನೋಡ್ದಾಗ ಗುರಿ ಬಿಟ್ಟು ಉಳಿದಿದ್ರಲ್ಲಿ, ಅಂದ್ರೆ ಒತ್ತಡ, ಮನಸ್ಸಿನ ನೆಮ್ಮದಿ, ಬಿದ್ರೂ ಎದ್ದು ನಿಲ್ಲೋ ಶಕ್ತಿ ಇವುಗಳಲ್ಲಿ ಹೇಳಿಕೊಳ್ಳೋಂಥ ಬದಲಾವಣೆ ಕಾಣ್ಲಿಲ್ಲ. ಮೊದಲ ಅರ್ಧ ಮಾತ್ರ ಓದಿದವರು ಕೋಚಿಂಗ್ ಮುಗೀತು ಅಂತಾರೆ, ಎರಡನೇ ಅರ್ಧ ಮಾತ್ರ ಓದಿದವರು ನಾವು ಸೇಫ್ ಅಂತಾರೆ. ನನಗೆ ಕಾಣೋದು ಇಷ್ಟು, ಗುರಿ ಇಟ್ಟು ಹಿಂದೆ ಬಿದ್ದು ಮಾಡಿಸೋ ಸಲೀಸು ಕೆಲಸ ಮಷೀನಿಗೆ ಹೋಗುತ್ತೆ, ಕಷ್ಟದ ಕೆಲಸ ಮನುಷ್ಯರಿಗೆ ಉಳಿಯುತ್ತೆ. ಆದ್ರೆ ಆ ಕಷ್ಟದ ಕೆಲಸ ಕಲಿಯೋದೇ ಸಲೀಸು ಕೆಲಸ ನೂರಾರು ಸಲ ಮಾಡಿ ಮಾಡಿ, ಅದನ್ನೇ ಕಿತ್ಕೊಂಡ್ರೆ ಕಲಿಯೋದು ಎಲ್ಲಿ ಸ್ವಾಮಿ?

ಕಲಿಯೋದು ಅಂದ್ರೆ ಏನು ಅಂತ ಒಂದು ಉದಾಹರಣೆ ಕೊಡ್ತೀನಿ. ಮೆಂಟರಿಂಗಲ್ಲಿ ನಾವು ಕ್ಲೈಂಟ್ ಒಪ್ಪಿಗೆ ತಗೊಂಡು ಮಾಡಿದ ರೆಕಾರ್ಡಿಂಗ್ ಹಾಕ್ಕೊಂಡು ಕೇಳ್ತೀವಿ. ಒಂದು ಸೆಷನ್ನಲ್ಲಿ ಕ್ಲೈಂಟು ಬಡ್ತಿ ಬಗ್ಗೆ ಮಾತಾಡ್ತಾ "ಬಾಸ್ ಜೊತೆ ಎಲ್ಲಾ ಚೆನ್ನಾಗೇ ಇದೆ, ಅದೇನೂ ಪ್ರಾಬ್ಲಮ್ ಇಲ್ಲ" ಅಂದ್ರು. ಬಾಸ್ ಬಗ್ಗೆ ಯಾರೂ ಕೇಳಿರ್ಲಿಲ್ಲ. ಸ್ವಲ್ಪ ಹೊತ್ತಾದ್ಮೇಲೆ ಮತ್ತೆ ಅದೇ ಮಾತು. ಇನ್ನೊಂದು ಸಲ ಮತ್ತೆ, ಈ ಸಲ ದನಿ ಒಂಚೂರು ಇಳಿದಿತ್ತು. ಹೊಸ ಕೋಚು ಪಾಪ ಲಿಸ್ಟ್ ಪ್ರಕಾರ ಮುಂದಿನ ಪ್ರಶ್ನೆಗೆ ಹೋಗ್ಬಿಟ್ಟಿದ್ರು. ನಾನು ಅಲ್ಲಿ ರೆಕಾರ್ಡಿಂಗ್ ನಿಲ್ಲಿಸಿ "ಕೇಳ್ದೇನೇ ಮೂರು ಸಲ ಬಾಸ್ ಹೆಸರು ಬಂತಲ್ಲ" ಅಂದೆ, ಅಷ್ಟೇ. ಮುಂದಿನ ಸೆಷನ್ನಲ್ಲಿ ಅವರು ಅದನ್ನ ಕ್ಲೈಂಟ್ ಮುಂದೆ ಹಾಗೇ ಇಟ್ರು, ಇಟ್ಟು ಸುಮ್ನಾದ್ರು. ರೆಕಾರ್ಡಿಂಗಲ್ಲಿ ತುಂಬಾ ಹೊತ್ತು ಏನೂ ಇಲ್ಲ, ಫ್ಯಾನ್ ಸದ್ದು ಬಿಟ್ರೆ. ಆಮೇಲೆ ಕ್ಲೈಂಟು ಮಾತಾಡೋಕೆ ಶುರು ಮಾಡಿದ್ದು ಬಡ್ತಿ ವಿಷಯನೇ ಅಲ್ಲ.

ಇಲ್ಲಿ ಎಐ ಅಭಿಮಾನಿಗಳು ಒಂದು ಮಾತು ಹೇಳ್ತಾರೆ, ಆ ಟ್ರಾನ್ಸ್‌ಕ್ರಿಪ್ಟ್ ನಮ್ಮ ಟೂಲಿಗೆ ಹಾಕಿದ್ರೆ ಬಾಸ್ ಅನ್ನೋದು ಮೂರು ಸಲ ಬಂದಿದೆ ಅಂತ ಅದೂ ಕ್ಷಣದಲ್ಲಿ ಹೇಳುತ್ತೆ ಅಂತ. ಹೌದು, ಹೇಳುತ್ತೆ, ನಾನೇ ಅಂಥ ಟೂಲ್ ಬಳಸ್ತೀನಿ. ಯಾರು ಎಷ್ಟು ಮಾತಾಡಿದ್ರು, ಒಂದೇ ಉಸಿರಲ್ಲಿ ಎರಡೆರಡು ಪ್ರಶ್ನೆ ಎಲ್ಲಿ ಕೇಳಿದ್ರು, ಪ್ರಶ್ನೆ ರೂಪದಲ್ಲಿ ಸಲಹೆ ಎಲ್ಲಿ ತುರುಕಿದ್ರು, ಎಲ್ಲ ಹಿಡಿದುಕೊಡುತ್ತೆ. ಮೆಂಟರ್ ಆಗಿ ನನ್ನ ಅರ್ಧ ಕೆಲಸ ಉಳಿಸಿದೆ. ಆದ್ರೆ ಎದುರಿಗೆ ಒಬ್ಬರು ಮುಖ ಗಂಟಿಕ್ಕಿ ಕೂತಿರುವಾಗ ಬಾಯಿ ಮುಚ್ಕೊಂಡು ಇರೋ ಧೈರ್ಯ ಟ್ರಾನ್ಸ್‌ಕ್ರಿಪ್ಟ್ ಓದಿದ್ರೆ ಬರಲ್ಲ. ಬಾಟ್ ಮುಂದೆ ಎಷ್ಟು ಹೊತ್ತು ಸುಮ್ಮನಿದ್ರೂ ಅದು ಮೌನ ಅಲ್ಲ, ಕ್ಲೈಂಟ್ ಎದ್ದು ಕಾಫಿ ಕುಡಿದು ಬರಬಹುದು, ಯಾರೂ ಕಾಯ್ತಿರಲ್ಲ. ಒಬ್ಬ ಮನುಷ್ಯ ನಮಗೋಸ್ಕರ ಕಾಯ್ತಿದ್ದಾನೆ ಅನ್ನೋದ್ರಲ್ಲೇ ಅರ್ಧ ಕೋಚಿಂಗ್ ಇರೋದು ಅಂತ ನನ್ನ ಅನಿಸಿಕೆ.

ಇನ್ನೊಂದು, ಹೊಗಳಿಕೆ. 2025ರ ಏಪ್ರಿಲಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ತನ್ನ ಮಾಡೆಲ್ಲಿನ ಒಂದು ಅಪ್‌ಡೇಟನ್ನ ಕೆಲವೇ ದಿನದಲ್ಲಿ ವಾಪಸ್ ತಗೋಬೇಕಾಯ್ತು, ಯಾಕಂದ್ರೆ ಅದು ಜನ ಏನಂದ್ರೂ ಭೇಷ್ ಭೇಷ್ ಅಂತ ಒಪ್ಕೊಂಡು ಕೂರ್ತಿತ್ತು. ಕೆಲಸ ಬಿಟ್ಟುಬಿಡ್ತೀನಿ ಅಂದೋರಿಗೆ ಎಂಥಾ ಧೈರ್ಯ ನಿಮ್ದು ಅನ್ನೋ ಕೋಚು ಬೇಕಾ ನಮಗೆ? ಸರಿಮಾಡ್ತಾರೆ, ಮಾಡಿದ್ದಾರೆ ಕೂಡ ಒಂದಷ್ಟು, ಆದ್ರೆ ಬಳಸೋರು ಮತ್ತೆ ಮತ್ತೆ ಬರ್ಲಿ ಅಂತ ಮಾಡಿದ ವಸ್ತು ಬಳಸೋರಿಗೆ ಬೇಜಾರಾಗೋ ಮಾತು ಎಷ್ಟು ಆಡೀತು ಅಂತ ನನಗೆ ಅನುಮಾನ ಇದ್ದೇ ಇದೆ. ಒಳ್ಳೆ ಕೋಚಿನ ಲಕ್ಷಣನೇ ಕ್ಲೈಂಟಿಗೆ ತಾನು ಬೇಡವಾಗೋ ದಿನ ಬರ್ಲಿ ಅಂತ ಕೆಲಸ ಮಾಡೋದು.

ಗುಟ್ಟು ಕಾಯೋ ವಿಷಯ ಬೇಗ ಹೇಳಿ ಮುಗಿಸ್ತೀನಿ. ಎಷ್ಟೋ ಕಡೆ ಕೋಚಿಂಗಿಗೆ ದುಡ್ಡು ಕೊಡೋದು ಕಂಪನಿ, ಮಾತಾಡೋದು ಉದ್ಯೋಗಿ. ಮನುಷ್ಯ ಕೋಚ್ ಆದ್ರೆ ಏನು ಕಂಪನಿಗೆ ಹೇಳ್ತೀವಿ ಏನು ಹೇಳಲ್ಲ ಅಂತ ಮೂರೂ ಜನ ಶುರುವಲ್ಲೇ ಒಪ್ಪಂದ ಮಾಡ್ಕೋತೀವಿ. ಕಂಪನಿ ಕೊಟ್ಟಿರೋ ಬಾಟ್ ಹತ್ರ ನೀವು "ನನ್ನ ಬಾಸ್ ಕೈಲಾಗದವನು" ಅಂತ ಟೈಪ್ ಮಾಡಿದ್ರೆ ಅದು ಯಾವ ಸರ್ವರಲ್ಲಿ ಎಷ್ಟು ವರ್ಷ ಇರುತ್ತೆ? 2025ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಹಾಕಿದ ಕೇಸಲ್ಲಿ ಅಮೆರಿಕದ ಕೋರ್ಟು, ಬಳಕೆದಾರರು ಡಿಲೀಟ್ ಮಾಡಿದ ಚಾಟ್‌ಗಳನ್ನೂ ಉಳಿಸಿಕೊಳ್ಳಿ ಅಂತ ಓಪನ್‌ಎಐಗೆ ಆದೇಶ ಕೊಟ್ಟಿತ್ತು. ಆ ಆದೇಶ ಅದೇ ವರ್ಷ ಸೆಪ್ಟೆಂಬರಲ್ಲಿ ಮುಗೀತು, ಆದ್ರೂ ಅಲ್ಲಿವರೆಗೆ ಅಳಿಸಿದ್ದೂ ಅಳೀಲಿಲ್ಲ ಅಂತಾಯ್ತಲ್ಲ. ಯುರೋಪ್ ಒಕ್ಕೂಟದವರು ಕೆಲಸದ ಜಾಗದಲ್ಲಿ ಮುಖ, ದನಿ ನೋಡಿ ಭಾವನೆ ಅಳೆಯೋ ಎಐಯನ್ನ 2025ರ ಫೆಬ್ರವರಿಯಿಂದ್ಲೇ ಹೆಚ್ಚೂಕಮ್ಮಿ ನಿಷೇಧ ಮಾಡಿದ್ದಾರೆ, ಅವರಿಗಾದ್ರೂ ಬುದ್ಧಿ ಬಂತು.

ಹಾಗಂತ ಎಐ ಕೋಚ್ ಬೇಡವೇ ಬೇಡ ಅನ್ನೋ ಪೈಕಿ ಅಲ್ಲ ನಾನು. ಕೋಚಿಂಗ್ ಅನ್ನೋದು ಬಹಳ ವರ್ಷ ದೊಡ್ಡ ಹುದ್ದೆಯವರ ಸೊತ್ತಾಗಿತ್ತು, ಮೇಲೆ ಕೂತೋರಿಗೆ ಕೋಚು, ಕೆಳಗೆ ದುಡಿಯೋರಿಗೆ ಬೈಗುಳ. ಈಗ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವರೂ ನಾಳೆಯ ಕಷ್ಟದ ಮೀಟಿಂಗಿಗೆ ಮುಂಚೆ ಯಾರ ಹತ್ರನಾದ್ರೂ ಒಂದ್ಸಲ ಮಾತಾಡಿ ತಾಲೀಮು ಮಾಡ್ಕೋಬಹುದು. ಅದು ಸಣ್ಣದಲ್ಲ. ಅದನ್ನ ಕಿತ್ಕೊಂಡು ಕೋಚ್‌ಗಳ ಹೊಟ್ಟೆಪಾಡು ಉಳಿಸಿ ಅಂತ ಕೇಳೋಕೆ ನನಗೆ ಮುಖ ಇಲ್ಲ.

ನಾನು ಕೇಳೋದು ಸರ್ಟಿಫಿಕೇಟ್ ಕೊಡೋ ಸಂಸ್ಥೆಗಳನ್ನ. ಎಐ ಬಗ್ಗೆ ನೀತಿ, ಮಾನದಂಡ ಅಂತ ಅವರೇನೋ ಬರೀತಿದ್ದಾರೆ, ಬಾಟ್ ಹೆಂಗಿರ್ಬೇಕು, ಡೇಟಾ ಹೆಂಗೆ ಕಾಯ್ಬೇಕು ಅನ್ನೋದೆಲ್ಲ ಸರಿ. ಆದ್ರೆ ಗಂಟೆ ಲೆಕ್ಕದ ರೂಲು ಮಾತ್ರ ಬಾಟ್ ಇಲ್ಲದ ಕಾಲದ್ದೇ. ಕ್ಲೈಂಟ್ ಒಪ್ಪಿದ್ರೆ ಹಿರಿಯ ಕೋಚ್ ಜೊತೆ ಹೊಸಬರು ಕೂತು, ಒಂದಿಷ್ಟು ಭಾಗ ತಾವೇ ನಡೆಸಿ, ಆಮೇಲೆ ಇಬ್ಬರೂ ಚರ್ಚೆ ಮಾಡೋ ಗಂಟೆನ ಯಾಕೆ ಪೂರ್ತಿ ಲೆಕ್ಕಕ್ಕೆ ತಗೋಬಾರ್ದು? ದುಡ್ಡು ತಗೊಂಡ ಗಂಟೆನೇ ಆಗ್ಬೇಕು ಅನ್ನೋದನ್ನ ಸಡಿಲ ಮಾಡಿ ಅದ್ರ ಬದಲು ಯಾರಾದ್ರೂ ಹಿರಿಯರು ರೆಕಾರ್ಡಿಂಗ್ ಕೇಳಿ ಒಪ್ಪಿದ ಗಂಟೆ ಆಗ್ಲಿ ಅಂತ ಯಾಕೆ ಮಾಡಬಾರ್ದು? ಎಐ ಕೋಚ್ ಮಾರೋ ಕಂಪನಿಗಳಿಗೂ ಒಂದು ಮಾತು, ಬಾಟ್ ಕೈಲಿ ಆಗದೆ ಕ್ಲೈಂಟ್ ಸಿಕ್ಕಿಹಾಕ್ಕೊಂಡಾಗ ಮನುಷ್ಯರ ಹತ್ರ ಕಳಿಸೋ ದಾರಿ ಇಡ್ತೀವಿ ಅಂತೀರಲ್ಲ, ಆ ಮನುಷ್ಯರು ಯಾವಾಗ್ಲೂ ದುಬಾರಿ ಹಿರಿಯರೇ ಆಗಬೇಕಿಲ್ಲ, ಹಿರಿಯರ ಕಣ್ಗಾವಲಲ್ಲಿ ಹೊಸಬರನ್ನೂ ಸೇರಿಸ್ಕೊಳ್ಳಿ. ನಾವು ಹಿರಿಯರು ಅನ್ನಿಸ್ಕೊಂಡವ್ರೂ ಕೈಕಟ್ಟಿ ಕೂರೋ ಹಾಗಿಲ್ಲ, ನಮ್ಮ ಸೆಷನ್ನಿಗೆ ಇನ್ನೊಬ್ಬರನ್ನ ಕರೆದು ಕೂರಿಸೋಕೆ ನಮ್ಮಲ್ಲಿ ಬಹಳ ಜನಕ್ಕೆ ಇಷ್ಟ ಇಲ್ಲ, ಕ್ಲೈಂಟ್ ಗುಟ್ಟು ಅನ್ನೋ ನೆಪ ಇದೆ, ನಿಜವಾದ ಕಾರಣ ತಮ್ಮ ಕೆಲಸ ಬೇರೆಯವರು ನೋಡಿಬಿಡ್ತಾರಲ್ಲ ಅನ್ನೋದು ಅಂತ ನನ್ನ ಗುಮಾನಿ. ಹೇಳಿದ್ದಕ್ಕೆ ಒಂದಿಬ್ಬರು ನನ್ನ ಮೇಲೆ ಸಿಟ್ಟಾಗ್ತಾರೆ, ಆಗ್ಲಿ.

ನಿಮ್ಮ ಬರಹದಲ್ಲಿ ಮಾತಾಡಿಸಿದ್ದು ಹೆಸರಿರೋ ಕೋಚ್‌ಗಳನ್ನ, ಅವರಿಗೆ ಕ್ಲೈಂಟ್ ಕಮ್ಮಿ ಆಗಿಲ್ಲ, ಅದಕ್ಕೇ ಎಲ್ಲ ಚೆನ್ನಾಗಿದೆ ಅಂದ್ರು. ಇನ್ನೊಂದ್ಸಲ ಈ ವಿಷಯ ಬರೆಯೋದಾದ್ರೆ ಟ್ರೇನಿಂಗ್ ಮುಗಿಸಿ ಎಸಿಸಿ ಗಂಟೆಗೋಸ್ಕರ ಕ್ಲೈಂಟ್ ಹುಡುಕ್ತಿರೋ ನಾಲ್ಕು ಜನರನ್ನ ಮಾತಾಡಿಸಿ, ಎಷ್ಟು ಜನ ಮೊದಲನೇ ಸೆಷನ್ ಆದ್ಮೇಲೆ ಎರಡನೇದಕ್ಕೆ ವಾಪಸ್ ಬಂದ್ರು ಅಂತ ಕೇಳಿ.

ಇಂತಿ,
ಒಬ್ಬ ಕೋಚ್ ಮತ್ತು ನಿಮ್ಮ ಪತ್ರಿಕೆಯ ಓದುಗ