ಅದು ತಾಯಿಗಾಗಿ ಕಟ್ಟಿದ ಹಾಡು

ಮಾನ್ಯ ಸಂಪಾದಕರೇ,

ಪ್ರೇಮಿಗಳಿಗೆಂದು ಯಾರೋ ಸಿದ್ಧಪಡಿಸಿದ ಹಾಡುಗಳ ಪಟ್ಟಿಯೊಂದು ಈಚೆಗೆ ನನ್ನ ಮೊಬೈಲ್‌ಗೆ ಬಂತು. ಅದರಲ್ಲಿ ಸ್ಪ್ಯಾನಿಷ್ ಭಾಷೆಯ ‘ಅಮೋರ್ ಎತೆರ್ನೊ’ ಇದ್ದುದನ್ನು ನೋಡಿ ಮನಸ್ಸಿಗೆ ನೋವಾಯಿತು. ‘ಶಾಶ್ವತ ಪ್ರೀತಿ’ ಎಂಬುದು ಶೀರ್ಷಿಕೆಯ ಅರ್ಥ, ನಿಜ. ಆದರೆ ಮೆಕ್ಸಿಕೊದ ಗಾಯಕ ಹುವಾನ್ ಗಾಬ್ರಿಯೆಲ್ ಅದನ್ನು ಬರೆದದ್ದು 1974ರಲ್ಲಿ ತೀರಿಕೊಂಡ ತಮ್ಮ ತಾಯಿಯ ನೆನಪಿನಲ್ಲಿ. ಸಾವಿನ ಸುದ್ದಿ ಬಂದಾಗ ಅವರು ದೂರದ ಅಕಪುಲ್ಕೊದಲ್ಲಿದ್ದರು. ಹಾಡಿನಲ್ಲಿ ಆ ಕಡಲೂರಿನ ಹೆಸರು ಬರುವುದು ಸುಮ್ಮನೆ ಅಲ್ಲ.

ಉದ್ಯೋಗದ ನಿಮಿತ್ತ ಮೂರು ವರ್ಷ ಮೆಕ್ಸಿಕೊದ ಗ್ವಾದಲಹಾರಾ ನಗರದಲ್ಲಿದ್ದೆ. ಅಲ್ಲಿ ಮೇ 10 ತಾಯಂದಿರ ದಿನ. ಆ ದಿನ ಮಕ್ಕಳು ಹೂವು ಹಿಡಿದು, ಮರಿಯಾಚಿ ಎನ್ನುವ ಅಲ್ಲಿನ ಜನಪದ ವಾದ್ಯವೃಂದದವರನ್ನು ಕರೆದುಕೊಂಡು ಸ್ಮಶಾನಕ್ಕೆ ಹೋಗುತ್ತಾರೆ. ಸಮಾಧಿಯ ಮುಂದೆ ನಿಂತು ಇದನ್ನೇ ಹಾಡಿಸುತ್ತಾರೆ. ಮೀಸೆ ನರೆತ ಗಂಡಸರು ಅಳುವುದನ್ನು ನಾನು ಕಂಡಿದ್ದೇನೆ.

ನನ್ನ ಅಮ್ಮ ನಮ್ಮೂರು ಸಾಗರದಲ್ಲಿ ತೀರಿಕೊಂಡದ್ದೂ ನಾನು ಅಲ್ಲಿದ್ದಾಗಲೇ. ಎರಡು ವಿಮಾನ ಬದಲಿಸಿ ಮನೆ ಮುಟ್ಟುವಷ್ಟರಲ್ಲಿ ಅಸ್ಥಿ ಸಂಚಯನವೂ ಮುಗಿದಿತ್ತು. ಒಲೆಯ ಪಕ್ಕದ ಗೂಡಿನಲ್ಲಿ ಅವಳ ಕನ್ನಡಕ ಹಾಗೆಯೇ ಇತ್ತು. ಮರಳಿ ಹೋದ ಮೇಲೆ ಸ್ಪೇನಿನ ರೊಸಿಯೊ ದುರ್ಕಾಲ್ ಅವರ ಕಂಠದಲ್ಲಿ ಈ ಹಾಡನ್ನು ಎಷ್ಟು ರಾತ್ರಿ ಕೇಳಿದೆನೋ! ಅರ್ಧದಷ್ಟು ಪದಗಳು ತಿಳಿಯುತ್ತಿರಲಿಲ್ಲ, ಆದರೂ ಅಮ್ಮನೇ ನೆನಪಾಗುತ್ತಿದ್ದಳು.

ತಮ್ಮ ಪತ್ರಿಕೆಯ ಪುರವಣಿಯಲ್ಲಿ ಪರಭಾಷೆಯ ಹಾಡುಗಳ ಪರಿಚಯ ಬರುತ್ತಿರುತ್ತದೆ. ಅಲ್ಲಿ ಒಮ್ಮೆ ಈ ಹಾಡಿನ ಹಿನ್ನೆಲೆಯನ್ನೂ ಬರೆಸಿ ಎಂದು ಕೇಳಿಕೊಳ್ಳುತ್ತೇನೆ.

– ಓದುಗಿ, ಸಾಗರ