ಆ ಮೂರು ದಿನವೂ ಮಗಳನ್ನು ಶಾಲೆಗೆ ಕಳುಹಿಸಿ

8, 9 ಮತ್ತು 10ನೇ ತರಗತಿ ಹೆಣ್ಣುಮಕ್ಕಳ ತಂದೆ-ತಾಯಿಯರಿಗೆ ನಮಸ್ಕಾರ.

ತಿಂಗಳ ಕೊನೆಯಲ್ಲಿ ಹಾಜರಿ ಪುಸ್ತಕಗಳನ್ನು ತರಿಸಿಕೊಂಡು ಸಹಿ ಹಾಕುವುದು ನನ್ನ ಕೆಲಸ. ಈ ಸಲ ಒಂಬತ್ತನೇ ತರಗತಿಯ ಪುಸ್ತಕ ಹಿಡಿದು ಸ್ವಲ್ಪ ಹೆಚ್ಚು ಹೊತ್ತು ಕೂತೆ. ಒಬ್ಬ ಹುಡುಗಿಯ ಹೆಸರಿನ ಮುಂದೆ ಜೂನ್‌ನಲ್ಲಿ ಮೂರು ದಿನ ಗೈರು, ಜುಲೈನಲ್ಲಿ ಮೂರು, ಆಗಸ್ಟ್‌ನಲ್ಲಿ ನಾಲ್ಕು. ಎಲ್ಲವೂ ಒಟ್ಟೊಟ್ಟಿಗೆ. ಹಾಳೆ ತಿರುವಿದರೆ ಇನ್ನೂ ಏಳೆಂಟು ಹೆಸರುಗಳದ್ದು ಇದೇ ಕಥೆ. ಕ್ಲಾಸ್ ಟೀಚರ್ ಕೇಳಿದರೆ ಎಲ್ಲರ ಉತ್ತರವೂ ಒಂದೇ: "ಹೊಟ್ಟೆನೋವು ಮಿಸ್." ಪಕ್ಕದ ಗೆಳತಿ ಮೆಲ್ಲಗೆ ಸೇರಿಸುತ್ತಾಳೆ, "ಹೊರಗಾಗಿದ್ಲು ಮಿಸ್." ಮುಟ್ಟಾಗಿದ್ದಳು ಎಂದರ್ಥ.

ತಿಂಗಳಿಗೆ ಮೂರು ದಿನವೆಂದರೆ ಹತ್ತು ತಿಂಗಳಿಗೆ ಮೂವತ್ತು ದಿನ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ಇದರ ಮೇಲೆ ಜ್ವರ, ಜಾತ್ರೆ, ಮದುವೆಮನೆ ಸೇರಿದರೆ ಲೆಕ್ಕ ಎಲ್ಲಿಗೆ ಬಂದು ನಿಲ್ಲುತ್ತದೆ ನೀವೇ ನೋಡಿ. ಪ್ರಮೇಯ ಶುರುವಾದ ದಿನ ಇಲ್ಲದ ಹುಡುಗಿ ನಾಲ್ಕನೇ ದಿನ ಬಂದು ಕಪ್ಪುಹಲಗೆ ನೋಡುತ್ತಾಳೆ, ಒಂದೂ ತಲೆಗೆ ಹೋಗುವುದಿಲ್ಲ. ಆಮೇಲೆ "ನಮ್ಮ ಹುಡುಗಿಗೆ ಗಣಿತ ಹತ್ತಲ್ಲ ಮೇಡಂ" ಎಂದು ನೀವೇ ನನ್ನ ಬಳಿ ಹೇಳುತ್ತೀರಿ.

ಇದು ಹೆಂಗಸರ ವಿಷಯ ಎಂದು ತಂದೆಯರು ಈ ಪತ್ರವನ್ನು ಮಡಿಸಿ ಹೆಂಡತಿಯ ಕೈಗೆ ಕೊಡಬೇಡಿ. ಪ್ಯಾಡಿಗೆ ದುಡ್ಡು ಕೊಡಬೇಕಾದವರು ನೀವು, ಬಚ್ಚಲಿಗೆ ಬಾಗಿಲು ಹಾಕಿಸಬೇಕಾದವರು ನೀವು, ಅಜ್ಜಿಯ ಮಾತಿಗೆ ಎದುರು ಹೇಳಬೇಕಾದವರೂ ನೀವೇ.

ನನ್ನದನ್ನೇ ಹೇಳುತ್ತೇನೆ. ನಾನು ಏಳನೇ ತರಗತಿಯಲ್ಲಿದ್ದೆ. ಯಾರೂ ಏನೂ ಹೇಳಿರಲಿಲ್ಲ. ಲಂಗದ ಮೇಲಿನ ಕಲೆ ನೋಡಿ ದೊಡ್ಡ ಕಾಯಿಲೆ ಬಂತು, ಇನ್ನು ಸಾಯುತ್ತೇನೆ ಎಂದುಕೊಂಡು ಹುಲ್ಲಿನ ಮೆದೆಯ ಹಿಂದೆ ಕತ್ತಲಾಗುವವರೆಗೂ ಕೂತಿದ್ದೆ. ಹುಡುಕಿಕೊಂಡು ಬಂದ ಅಮ್ಮ ಬೈಯಲಿಲ್ಲ, ಮುಟ್ಟಲೂ ಇಲ್ಲ. ದೂರ ನಿಂತು "ಅಲ್ಲೇ ಇರು" ಎಂದಳು. ಆ "ಅಲ್ಲೇ ಇರು" ಎಂಬ ಮಾತು ಈಗಲೂ ಕಿವಿಯಲ್ಲಿದೆ. ಮಾರನೆಯ ದಿನ ಸೋದರಮಾವ ಹಸಿ ಸೊಪ್ಪು ತಂದು ಗುಡ್ಲು ಹಾಕಿದ. ಅಜ್ಜಿ ಚಿಗಳಿ, ತಂಬಿಟ್ಟು, ತುಪ್ಪ ಹಾಕಿದ ಕೊಬ್ಬರಿ-ಬೆಲ್ಲ ತಿನ್ನಿಸಿದಳು. ಕೇರಿಯ ಹೆಂಗಸರು ಸೋಬಾನೆ ಹಾಡಿದರು. ಅಷ್ಟು ಜನ ಬಂದು ಅಷ್ಟು ಅಕ್ಕರೆ ತೋರಿಸಿದರು, ಆದರೆ ನನ್ನ ಮೈಯಲ್ಲಿ ಏನಾಗುತ್ತಿದೆ ಎಂದು ಒಬ್ಬರೂ ಹೇಳಲಿಲ್ಲ. ಹನ್ನೊಂದು ದಿನ ಶಾಲೆ ತಪ್ಪಿತು.

ಹಾಗಾಗಿ ಮೊದಲ ಕೋರಿಕೆ: ಮುಟ್ಟು ಬರುವ ಮೊದಲೇ ಮಗಳಿಗೆ ತಿಳಿಸಿ. ಸಾಮಾನ್ಯವಾಗಿ 12-13ನೇ ವಯಸ್ಸಿಗೆ ಶುರುವಾಗುತ್ತದೆ, ಕೆಲವರಿಗೆ 9-10ಕ್ಕೇ ಆಗುವುದೂ ಉಂಟು. ಅದಕ್ಕೂ ಒಂದೆರಡು ವರ್ಷ ಮುಂಚೆ ಎದೆ ಮೂಡುತ್ತದೆ, ಎತ್ತರ ಏರುತ್ತದೆ, ಆಗಲೇ ಮಾತಿಗೆ ಕೂರಿಸಿಕೊಳ್ಳಿ. ಮಗು ನಿಲ್ಲಲೆಂದು ಗರ್ಭಕೋಶದ ಒಳಪದರ ತಿಂಗಳು ತಿಂಗಳೂ ದಪ್ಪವಾಗುತ್ತದೆ, ಮಗು ನಿಲ್ಲದಿದ್ದರೆ ಅದು ಕಳಚಿ ರಕ್ತದ ಜೊತೆ ಹೊರಬರುತ್ತದೆ. ಇಷ್ಟೇ ವಿಷಯ. ಅದು ಕೆಟ್ಟ ರಕ್ತವಲ್ಲ, ಮೈಯಿಂದ ಕೊಳೆ ಹೋಗುವುದೂ ಅಲ್ಲ. ಮೊದಲ ಒಂದೆರಡು ವರ್ಷ ದಿನ ಹಿಂದೆಮುಂದೆ ಆಗುವುದು ಸಹಜ, ಗಾಬರಿ ಬೇಡ. ಹೇಳಲು ಅಮ್ಮನಿಗೆ ಮಾತು ತೋಚದಿದ್ದರೆ ನಮ್ಮ ವಿಜ್ಞಾನದ ಮಿಸ್ ಇದ್ದಾರೆ, ಊರಿನ ಆಶಾ ಕಾರ್ಯಕರ್ತೆ ಇದ್ದಾರೆ.

ಮೈನೆರೆದ ಮಗಳಿಗೆ ಆರತಿ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಎಳ್ಳು, ಬೆಲ್ಲ, ತುಪ್ಪ ಬೆಳೆಯುವ ಮೈಗೆ ಬೇಕು, ನಾಲ್ಕು ಜನ ಹಿರಿಯರು ಹರಸಿದರೆ ಒಳ್ಳೆಯದೇ. ಆದರೆ ಕಳೆದ ವರ್ಷ ಎಂಟನೇ ತರಗತಿಯ ಹುಡುಗಿಯೊಬ್ಬಳ ಸೀರೆ ಉಟ್ಟ ಫೋಟೋವನ್ನು ಆಳೆತ್ತರದ ಫ್ಲೆಕ್ಸ್ ಮಾಡಿಸಿ ಬಸ್ ನಿಲ್ದಾಣದಲ್ಲಿ ಕಟ್ಟಿಸಿದ್ದರು. ಅವಳ ತರಗತಿಯ ಹುಡುಗರು ದಿನವೂ ಅದರ ಕೆಳಗೇ ನಿಂತು ಬಸ್ಸಿಗೆ ಕಾಯುತ್ತಿದ್ದರು. ಆ ಮಗು ಎರಡು ವಾರ ಶಾಲೆಗೆ ಬರಲಿಲ್ಲ, ಬಂದ ಮೇಲೂ ತಲೆ ಎತ್ತಲಿಲ್ಲ. ಒಳಗೆ "ಮುಟ್ಟಬೇಡ" ಎನ್ನುತ್ತೇವೆ, ಹೊರಗೆ ಊರಿಗೆಲ್ಲ ಸಾರುತ್ತೇವೆ. ಎರಡರ ನಡುವೆ ಸಿಕ್ಕಿಕೊಳ್ಳುವವಳು ಹದಿಮೂರರ ಹುಡುಗಿ. ಇನ್ನೊಂದು ಮಾತು. ಆರತಿಯ ಊಟದ ಪಂಕ್ತಿಯಲ್ಲೇ ಗಂಡಿನ ಮಾತು ಎತ್ತುವವರಿದ್ದಾರೆ. ಮೈನೆರೆದಳೆಂದರೆ ಮದುವೆಗೆ ಬಂದಳೆಂದು ಅರ್ಥವಲ್ಲ. ಹದಿನೆಂಟು ತುಂಬುವ ಮೊದಲು ಮದುವೆ ಮಾಡುವುದು ಅಪರಾಧ. ಅಂಥ ಸುದ್ದಿ ನನ್ನ ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವವಳು ನಾನೇ. ನಿಮ್ಮ ಮೇಲಿನ ಸಿಟ್ಟಿಗೆ ಹಾಗೆ ಮಾಡುವುದಿಲ್ಲ. ಆ ಮಗು ನನ್ನ ಜವಾಬ್ದಾರಿಯೂ ಹೌದು.

ಹೊರಗೆ ಕೂರಿಸುವ ವಿಷಯ. ಕೆಲವು ಮನೆಗಳಲ್ಲಿ ಈಗಲೂ ಹುಡುಗಿ ಮೂರು ರಾತ್ರಿ ಜಗಲಿಯಲ್ಲೋ, ದನದ ಕೊಟ್ಟಿಗೆಯ ಪಕ್ಕದಲ್ಲೋ ಮಲಗುತ್ತಾಳೆ. ಚಳಿ, ಹಾವು, ಕುಡಿದು ಬರುವವರು, ಯಾವುದಕ್ಕೂ ಅಲ್ಲಿ ತಡೆಯಿಲ್ಲ. 2023ರ ಮಳೆಗಾಲದಲ್ಲಿ ನಮ್ಮ ತುಮಕೂರು ಜಿಲ್ಲೆಯಲ್ಲೇ ಸೂತಕವೆಂದು ಬಾಣಂತಿಯನ್ನೂ ಹಸುಗೂಸನ್ನೂ ಊರಾಚೆಯ ಗುಡಿಸಲಿನಲ್ಲಿ ಇಟ್ಟು, ಆ ಕೂಸು ತೀರಿಕೊಂಡದ್ದು ನಿಮಗೆಲ್ಲ ನೆನಪಿದೆ. ಮುಟ್ಟಾದವರನ್ನು, ಗರ್ಭಿಣಿಯರನ್ನು ಹೀಗೆ ಬಲವಂತವಾಗಿ ದೂರ ಇರಿಸುವುದನ್ನು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧವೆನ್ನುತ್ತದೆ. ಕಾನೂನು ಬರುವುದಕ್ಕೂ ಎಂಟುನೂರು ವರ್ಷ ಹಿಂದೆಯೇ ನಮ್ಮ ಶರಣರು ರಜಸ್ಸಿನ, ಅಂದರೆ ಮುಟ್ಟಿನ ಸೂತಕವನ್ನೂ ಸೇರಿಸಿ ಐದು ಸೂತಕಗಳನ್ನು ಒಪ್ಪುವುದಿಲ್ಲವೆಂದರು. ದೇವರಮನೆಗೆ ಹೋಗುವುದು ಬಿಡುವುದು ನಿಮ್ಮ ಮನೆಯ ನಂಬಿಕೆ, ಅದರಲ್ಲಿ ನಾನು ತಲೆಹಾಕುವುದಿಲ್ಲ. ಅವಳಿಗೆ ಹಾಸಿಗೆ, ಸ್ನಾನಕ್ಕೆ ನೀರು, ಹೊಟ್ಟೆತುಂಬ ಊಟ, ಶಾಲೆ, ಈ ನಾಲ್ಕನ್ನು ತಪ್ಪಿಸಬೇಡಿ ಎಂದಷ್ಟೇ ಕೇಳುತ್ತೇನೆ.

ಶಾಲೆಯ ಕಡೆಯ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಕಳೆದ ವರ್ಷದವರೆಗೆ ಹೆಣ್ಣುಮಕ್ಕಳ ಶೌಚಾಲಯದ ಎರಡು ಬಾಗಿಲಿಗೆ ಚಿಲಕವಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕಿತ್ತು. ಅಂಥ ಕಡೆ ಬಟ್ಟೆ ಬದಲಿಸಿಕೋ ಎಂದರೆ ಯಾವ ಹುಡುಗಿ ಬಂದಾಳು? ಈಗ ಶಾಲೆಯ ಅಭಿವೃದ್ಧಿ ಸಮಿತಿ ಎಸ್‌ಡಿಎಂಸಿಯವರು ಚಿಲಕ ಹಾಕಿಸಿದ್ದಾರೆ, ನಲ್ಲಿ ಸರಿಯಾಗಿದೆ, ಮುಚ್ಚಳವಿರುವ ಬಕೆಟ್ ಇಟ್ಟಿದ್ದೇವೆ. ಹುಡುಗಿಯರಿಗೆ ಉಚಿತವಾಗಿ ಪ್ಯಾಡ್ ಕೊಡುವ, ಕೋವಿಡ್ ಕಾಲದಲ್ಲಿ ನಿಂತಿದ್ದ ಸರ್ಕಾರದ ಶುಚಿ ಯೋಜನೆ 2024ರಲ್ಲಿ ಮತ್ತೆ ಶುರುವಾಗಿದೆ. ಪ್ಯಾಡುಗಳನ್ನು ಶಿಕ್ಷಕಿಯರ ಕೊಠಡಿಯ ಕಪಾಟಿನಲ್ಲಿ ಇಟ್ಟಿದ್ದೇವೆ, ಹುಡುಗಿಯರು ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದು. ಸರಬರಾಜು ತಡವಾದ ತಿಂಗಳು ಶಿಕ್ಷಕಿಯರೇ ಕೈಯಿಂದ ತಂದಿಡುತ್ತೇವೆ. ಕಲೆಯಾದರೆ ಬದಲಿಸಲು ನಾಲ್ಕು ಜೊತೆ ಸಮವಸ್ತ್ರವೂ ಅಲ್ಲೇ ಇದೆ. ಮೊನ್ನೆ ಗಂಟೆ ಹೊಡೆದ ಮೇಲೂ ಒಬ್ಬಳು ಬೆಂಚಿನಿಂದ ಏಳಲಿಲ್ಲ. ಅವಳ ಗೆಳತಿ ಏನೂ ಹೇಳದೆ ಹೋಗಿ ಚೂಡಿದಾರ್ ತಂದುಕೊಟ್ಟಳು. ಹತ್ತು ನಿಮಿಷದಲ್ಲಿ ಇಬ್ಬರೂ ಮುಂದಿನ ಪೀರಿಯಡ್‌ಗೆ ಹಾಜರು. ನನಗೆ ಬೇಕಿರುವುದು ಇಷ್ಟೇ.

ಮನೆಯಲ್ಲಿ ಬಟ್ಟೆ ಬಳಸುವವರು ಸೋಪು ಹಾಕಿ ಒಗೆದು ಬಿಸಿಲಿನಲ್ಲೇ ಒಣಗಿಸಿ. ಯಾರೂ ನೋಡಬಾರದೆಂದು ಬಚ್ಚಲ ಮೂಲೆಯಲ್ಲೋ ಬೇರೆ ಬಟ್ಟೆಯ ಅಡಿಯಲ್ಲೋ ಒಣಗಿಸಿದ ತೇವದ ಬಟ್ಟೆಯಿಂದಲೇ ತುರಿಕೆ, ಸೋಂಕು ಬರುವುದು. ಪ್ಯಾಡ್ ಆಗಲಿ ಬಟ್ಟೆಯಾಗಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಸೋಮವಾರ ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆ ಕಬ್ಬಿಣಾಂಶದ್ದು. ಅದನ್ನು ತಿಂದರೆ ಕಪ್ಪಾಗುತ್ತೇವೆ, ಮಕ್ಕಳಾಗುವುದಿಲ್ಲ ಎಂಬ ಗಾಳಿಮಾತು ಕೇಳಿ ಮಕ್ಕಳು ಕಿಟಕಿಯಿಂದ ಎಸೆಯುತ್ತಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ದಯವಿಟ್ಟು ಮಾತ್ರೆ ನುಂಗಲು ಹೇಳಿ, ಖಾಲಿ ಹೊಟ್ಟೆಯಲ್ಲಿ ಮಾತ್ರ ಬೇಡ. ಗಂಟೆಗೊಂದು ಪ್ಯಾಡ್ ತೊಯ್ದರೆ, ಏಳು ದಿನ ಮೀರಿದರೆ, ನೋವಿಗೆ ಹಾಸಿಗೆ ಬಿಟ್ಟು ಏಳಲಾಗದಿದ್ದರೆ, 15 ತುಂಬಿದರೂ ಮುಟ್ಟಾಗದಿದ್ದರೆ ವೈದ್ಯರಿಗೆ ತೋರಿಸಿ. ಎಲ್ಲ ಹೆಂಗಸರಿಗೂ ಇದ್ದದ್ದೇ ಎಂದು ಸುಮ್ಮನಾಗಬೇಡಿ.

ತಾಯಂದಿರಿಗೆ ಎರಡು ಮಾತು. ನಲವತ್ತೈದು ದಾಟಿದವರು ನಮ್ಮಲ್ಲಿ ಕೆಲವರಿದ್ದೀರಿ, ನಾನೂ ಅದೇ ದಾರಿಯಲ್ಲಿದ್ದೇನೆ. ಬೆಳಗಿನ ಪ್ರಾರ್ಥನೆಯಲ್ಲಿ ನಿಂತಿದ್ದಂತೆಯೇ ಕತ್ತಿನಿಂದ ಮೇಲಕ್ಕೆ ಬೆಂಕಿ ಏರಿದಂತಾಗಿ ಸೆರಗೆಲ್ಲ ಒದ್ದೆಯಾಗುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ, ಸಣ್ಣದಕ್ಕೂ ರೇಗುತ್ತೇನೆ. ಮುಟ್ಟು ನಿಲ್ಲುವ ಕಾಲ ಹೀಗೆಯೇ, ಕೆಲವು ವರ್ಷ ಎಳೆಯುತ್ತದೆ. ಹನ್ನೆರಡು ತಿಂಗಳು ಪೂರ್ತಿ ನಿಂತ ಮೇಲೆ ಮತ್ತೆ ರಕ್ತ ಕಂಡರೆ ಒಂದು ಹನಿಯಾದರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಇನ್ನೊಂದು, "ಮಕ್ಕಳಾದವಲ್ಲ, ಗರ್ಭಕೋಶ ತೆಗೆಸಿಬಿಡು" ಎಂದು ಮೂವತ್ತೈದಕ್ಕೇ ಯಾರಾದರೂ ಹೇಳಿದರೆ ಹೂಂ ಎನ್ನುವ ಮೊದಲು ಇನ್ನೊಬ್ಬ ವೈದ್ಯರನ್ನು ಕೇಳಿ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ತೊಂದರೆಯೆಲ್ಲ ಒಮ್ಮೆಗೇ ಬರುತ್ತದೆ, ಮೂಳೆ ಬೇಗ ಸವೆಯುತ್ತದೆ. ನನ್ನ ಅಕ್ಕ ಹಾಗೆ ಆಗಿ ಕಷ್ಟಪಟ್ಟಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ನಿಮಗೆ ಏನಾಗುತ್ತಿದೆ ಎಂದು ಮಗಳಿಗೂ ಹೇಳಿ. "ಅಮ್ಮ ಯಾಕೋ ನನ್ನ ಕಂಡ್ರೆ ಸಿಡುಕ್ತಾಳೆ ಮಿಸ್" ಎಂದು ಅಳುವ ಮಕ್ಕಳು ನನ್ನ ಕೊಠಡಿಗೆ ಬರುತ್ತಾರೆ.

ಮುಂದಿನ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ 11.30ಕ್ಕೆ ಸಭೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆ ಬರುತ್ತಾರೆ. ತಂದೆ, ತಾಯಿ, ಸಾಧ್ಯವಾದರೆ ಅಜ್ಜಿಯೂ ಬನ್ನಿ. ಕೂಲಿ ಬಿಟ್ಟು ಬರಲಾಗದವರಿಗಾಗಿ ಅಂದು ಸಂಜೆ ಆರರವರೆಗೆ ನಾನು ಶಾಲೆಯಲ್ಲೇ ಇರುತ್ತೇನೆ. ಓದಲು ಬಾರದ ಮನೆಗಳಲ್ಲಿ ಈ ಪತ್ರವನ್ನು ಮಗಳೇ ಓದಿ ಹೇಳುತ್ತಾಳೆ. ಮುಟ್ಟು ಎಂಬ ಪದ ಬಂದಲ್ಲಿ ಅವಳು ತಡವರಿಸಿದರೆ ಗದರಬೇಡಿ, ಪೂರ್ತಿ ಓದಲು ಬಿಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ