ಮಟ್ಟುವಿನ ದಾರಿಯಲ್ಲಿ ನಿಂತುಹೋದ ಕಾರು

ಪ್ರೀತಿಯ ಮಗಳೇ,

ನಿನ್ನ ಫೋನ್ ಬಾರದೆ ಇಂದಿಗೆ ಒಂಬತ್ತು ದಿನ. ಅಮ್ಮನಿಗೆ ದಿನವೂ ಮಾಡುತ್ತೀಯೆಂದು ಗೊತ್ತು. ಅವಳು ಮೊಬೈಲ್ ಹಿಡಿದುಕೊಂಡು ಹಿತ್ತಲಿನ ಬಾಗಿಲಿಗೆ ಹೋದರೆ ಆ ಕಡೆ ಇರುವುದು ನೀನೇ ಎಂದು ತಿಳಿಯುತ್ತದೆ. ನಾನೇ ಮಾಡಬಹುದಿತ್ತು. ಆದರೆ ಮಾತು ಶುರುವಾದರೆ ನನ್ನ ದನಿ ಮತ್ತೆ ಏರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಳೆಯಲ್ಲಿ ಕಡಲ ದಾರಿಗೆ ಕಾರು ತೆಗೆದುಕೊಂಡು ಹೋದೆಯೆಂದು ಅಂದು ನಿನಗೆ ಏನೇನು ಅಂದೆ ಎಂಬುದನ್ನು ಇಲ್ಲಿ ತೆಗೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ಕಾರಿನ ಕೀಲಿ ತಂದು ಇಲ್ಲಿಡು ಎಂದದ್ದು ಮಾತ್ರ ನನ್ನ ತಪ್ಪು. ಅದು ನಿನ್ನ ದುಡಿಮೆಯ ಕಾರು, ಅದರ ಕೀಲಿ ಕೇಳಲು ನಾನು ಯಾರೂ ಅಲ್ಲ. ಕ್ಷಮಿಸು. ಆದರೆ ಫೋನ್ ಇಡುವ ಮೊದಲು ನೀನು ಒಂದು ಮಾತು ಹೇಳಿದೆಯಲ್ಲ, "ಮಳೆಯಲ್ಲಿ ಆ ದಾರಿ ತೋರಿಸಿಕೊಟ್ಟದ್ದೇ ನೀವಲ್ಲವಾ ಅಪ್ಪಯ್ಯ" ಎಂದು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಉತ್ತರ ಇತ್ತು, ಹದಿನೆಂಟು ವರ್ಷದಿಂದ ಬಾಯಿಗೆ ತಂದಿರಲಿಲ್ಲ.

ನೀನು ಕಳುಹಿಸಿದ ವಿಡಿಯೊವನ್ನು ಹಲವು ಸಲ ನೋಡಿದೆ. ಮಲ್ಪೆ ಸೇತುವೆ ದಾಟಿ ಪಡುಕೆರೆಗೆ ಇಳಿದು ಮಟ್ಟುವಿನ ಮೇಲೆ ಕಾಪುವಿಗೆ ಹೋಗಿದ್ದೀರಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ತೆಂಗಿನ ಸಾಲು ಹೊತ್ತ ಸಪೂರ ನೆಲ. ಅದಕ್ಕಿಂತ ಚೆಂದದ ದಾರಿ ನಮ್ಮ ಜಿಲ್ಲೆಯಲ್ಲಿ ಇಲ್ಲವೆಂದು ನಿನಗೆ ಹೇಳಿಕೊಟ್ಟವನೂ ನಾನೇ. ನಿನ್ನ ಗೆಳತಿ ವಿಡಿಯೊ ತೆಗೆಯುತ್ತ ಕೂಗುತ್ತಿದ್ದಾಳೆ, ನೀನು ನಗುತ್ತಿದ್ದೀಯ. ಆದರೂ ಎರಡೂ ಕೈ ಸ್ಟೀರಿಂಗಿನ ಮೇಲೇ ಇದ್ದವು. ತಿರುವಿಗೆ ಬರುವ ಮೊದಲೇ ವೇಗ ಇಳಿಸಿದೆ. ಎದುರಿನ ಟೆಂಪೊಗೆ ದಾರಿ ಬಿಟ್ಟು ನಿಂತೆ. ಸಿಟ್ಟು ಬರುವ ಮೊದಲು ನನಗೆ ಬಂದದ್ದು ಹೆಮ್ಮೆ, ಅದನ್ನೂ ನಿನಗೆ ಹೇಳಲಿಲ್ಲ.

ಈಗ ಆ ದಿನದ ಸಂಗತಿ.

2007ರ ಜುಲೈ, ನಿನಗೆ ಹತ್ತು ವರ್ಷ. ಅಮ್ಮ ತವರಿಗೆ ಹೋಗಿದ್ದಳು. ಮಳೆಗೆಂದು ಶಾಲೆಗೆ ರಜೆ ಕೊಟ್ಟು ಎರಡು ದಿನವಾಗಿತ್ತು. ಕಾಪುವಿನ ಲೈಟ್‌ಹೌಸ್ ತೋರಿಸುತ್ತೇನೆ ಎಂದು ಏಪ್ರಿಲ್‌ನಿಂದ ಮುಂದೂಡುತ್ತ ಬಂದಿದ್ದೆ. ನೀನು ಕಿಟಕಿಯ ಸರಳು ಹಿಡಿದು ನಿಂತಿದ್ದೆ, ಅಳುತ್ತಿರಲಿಲ್ಲ, ಬರೀ ನಿಂತಿದ್ದೆ. ನಡಿ ಎಂದುಬಿಟ್ಟೆ. ಆಗ ಹೆದ್ದಾರಿಗೆ 66ರ ಸಂಖ್ಯೆ ಬಂದಿರಲಿಲ್ಲ, ಅದಿನ್ನೂ ಹದಿನೇಳು. ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಮಟ್ಟುವಿನ ಕಡೆ ತಿರುಗಿಸಿದೆ. ಗುಳ್ಳ ಬದನೆ ಬೆಳೆಯುವ ಗದ್ದೆಗಳಲ್ಲಿ ಆಗ ಗುಳ್ಳವೂ ಇಲ್ಲ, ಭತ್ತದ ನೇಜಿಯೂ ಕಾಣುತ್ತಿಲ್ಲ, ಬರೀ ಕೆಂಪು ನೀರು. ಅಲ್ಲಿಯೇ ಹಿಂದಿರುಗಬೇಕಿತ್ತು.

ಕಡಲ ಬದಿಯ ರಸ್ತೆಗೆ ಬಂದ ಮೇಲೆ ನಡೆದದ್ದು ನಿನಗೆ ನೆನಪಿದೆ. ಐದನೆಯ ತರಗತಿಯಲ್ಲಿ ಅದರ ಮೇಲೆಯೇ ಪ್ರಬಂಧ ಬರೆದು ಬಹುಮಾನ ತಂದೆ. ತಡೆಗೋಡೆಯ ಕಲ್ಲಿಗೆ ಅಲೆ ಬಡಿದು ತೆಂಗಿನ ಅರ್ಧದವರೆಗೆ ಏರಿದ್ದು, ರಸ್ತೆಗೆ ಬಿದ್ದ ಮಡಲು, ಕಾರು ನಿಂತದ್ದು, 'ಕಾರಿಗೆ ದಣಿವಾಗಿದೆ, ಸ್ವಲ್ಪ ಕುಳಿತುಕೊಳ್ಳಲಿ' ಎಂದು ಅಪ್ಪಯ್ಯ ಹೇಳಿದ್ದು, ನೀನು ಅಲೆ ಎಣಿಸಿದ್ದು. ಏಳನೆಯದು ದೊಡ್ಡದು ಎಂದು ಕೂಗುತ್ತಿದ್ದೆ.

ಕಾರು ದಣಿದಿರಲಿಲ್ಲ ಮಗಳೇ. ಇಂಜಿನ್‌ಗೆ ನೀರು ನುಗ್ಗಿತ್ತು. ಕೀಲಿ ತಿರುಗಿಸಿದರೆ ಒಂದು ಕೆಮ್ಮು, ಆಮೇಲೆ ಅದೂ ಇಲ್ಲ. ಬಾಗಿಲಿನ ಕೆಳಗಿಂದ ನೀರು ಜಿನುಗಿ ಕಾಲಡಿಯ ಚಾಪೆ ಮೇಲೆದ್ದಿತ್ತು. ಒಂದೊಂದು ಅಲೆ ಬಂದಾಗಲೂ ಕಾರು ತುಸು ಬಲಕ್ಕೆ, ಕಡಲಿನ ಕಡೆಗೆ, ವಾಲುತ್ತಿತ್ತು. ನಿನಗೆ ಅದು ತೊಟ್ಟಿಲು ತೂಗಿದಂತೆ ಅನಿಸಿತ್ತು, ಪ್ರಬಂಧದಲ್ಲಿ ಹಾಗೆಯೇ ಬರೆದಿದ್ದೆ. ನಾನು ಎಡಗೈಯಲ್ಲಿ ನಿನ್ನ ಫ್ರಾಕಿನ ಬೆನ್ನಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಬಾಗಿಲು ತೆರೆದು ನಿನ್ನನ್ನು ಎತ್ತಿಕೊಂಡು ಓಡಲೇ, ಒಳಗೇ ಇರಲೇ? ಗಾಳಿಗೆ ಮಡಲು ಹಾರಿ ಬರುತ್ತಿತ್ತು. ಹತ್ತು ನಿಮಿಷವೋ ಇಪ್ಪತ್ತೋ, ನಾನು ಯಾವುದನ್ನೂ ಮಾಡಲಿಲ್ಲ. ನಿನ್ನ ಜೊತೆ ಅಲೆ ಎಣಿಸಿದೆ. ನಗುತ್ತಲೇ ಎಣಿಸಿದೆ.

ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡ ಮನುಷ್ಯರೊಬ್ಬರು ಇಬ್ಬರು ಹುಡುಗರನ್ನು ಕರೆತಂದು ಕಾರು ತಳ್ಳಿದರಲ್ಲ, ಅವರು ಕಿಟಕಿಯಲ್ಲಿ ಬಗ್ಗಿ ತುಳುವಿನಲ್ಲಿ ಹೇಳಿದ್ದು ನಿನಗೆ ಅರ್ಥವಾಗಲಿಲ್ಲ. ಏನಂದರು ಎಂದು ಕೇಳಿದೆ. 'ಲೈಟ್‌ಹೌಸ್ ಹತ್ತಿರದಲ್ಲೇ ಇದೆ ಅಂದರು' ಎಂದೆ. ಅವರು ಅಂದದ್ದು, ಮಗುವನ್ನು ಕರೆದುಕೊಂಡು ಸಾಯಲು ಬಂದೆಯಾ ಎಂದು.

ಅವರ ಅಂಗಳದಲ್ಲಿ ಇಂಜಿನ್ ಒರೆಸಿ, ಒಣಗಿಸಿ, ಮತ್ತೆ ಹೊರಟೆವು. ನೀನು ಕಾಪು ಕಂಡೆ. ಬಂಡೆಯ ಸುತ್ತ ನೀರು ತುಂಬಿದ್ದರಿಂದ ದೂರದಿಂದಲೇ ನೋಡಿದೆವು. 1901ರಲ್ಲಿ ಬ್ರಿಟಿಷರು ಕಟ್ಟಿದ್ದು, 27 ಮೀಟರ್ ಎತ್ತರ, ಒಂದೊಂದು ಲೈಟ್‌ಹೌಸ್ ಮಿನುಗುವ ಲೆಕ್ಕ ಬೇರೆ ಬೇರೆ, ಅದನ್ನು ಎಣಿಸಿಯೇ ಹಡಗಿನವರು ಇದು ಯಾವ ಊರೆಂದು ತಿಳಿಯುತ್ತಾರೆ ಎಂದೆಲ್ಲ ವಿವರಿಸಿದೆ. ದೀಪ ಹೊತ್ತಿದಾಗ ನೀನು, ಒಳಗಿರುವವರಿಗೆ ಹೆದರಿಕೆ ಆಗುವುದಿಲ್ಲವಾ ಎಂದು ಕೇಳಿದೆ. ಇಲ್ಲ ಎಂದೆ. ನಿಮಗೆ? ಎಂದೆ ನೀನು. ಇಲ್ಲ ಎಂದೆ.

ಮರುದಿನ ಬೆಳಿಗ್ಗೆ ನಿನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಸ್ಸಿನಲ್ಲಿ ಅಲ್ಲಿಗೆ ಹೋದೆ. ಸಹಾಯ ಮಾಡಿದವರಿಗೆ ಒಂದಿಷ್ಟು ಹಣ್ಣು ಕೊಡೋಣವೆಂದು. ಕಾರು ನಿಂತಿದ್ದ ಜಾಗದಲ್ಲಿ ರಸ್ತೆ ಅರ್ಧವೇ ಇತ್ತು. ಉಳಿದರ್ಧ ರಾತ್ರಿ ಕಡಲು ಕೊರೆದುಕೊಂಡು ಹೋಗಿತ್ತು. ಡಾಂಬರಿನ ಅಂಚು ಮುರಿದ ರೊಟ್ಟಿಯ ಹಾಗೆ, ಕೆಳಗೆ ತೆಂಗಿನ ಬೇರು ಜೋತುಬಿದ್ದಿತ್ತು. ಹಣ್ಣಿನ ಚೀಲ ಹಿಡಿದು ಅಲ್ಲಿ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ.

ಇದು ಅಮ್ಮನಿಗೆ ಇಂದಿಗೂ ಗೊತ್ತಿಲ್ಲ. 2021ರ ಮೇ ತಿಂಗಳಿನಲ್ಲಿ, ತೌಕ್ತೆ ಚಂಡಮಾರುತದ ಹೊತ್ತಿಗೆ, ಕಾಪುವಿನ ಕಡಲಿನಲ್ಲಿ ಹಡಗು ಎಳೆಯುವ ಟಗ್ ದೋಣಿಯೊಂದು ಬಂಡೆಗೆ ಸಿಕ್ಕಿಕೊಂಡು ಒಂಬತ್ತು ಜನ ಒಳಗಿದ್ದರು. ಟಿವಿಯಲ್ಲಿ ಅದನ್ನು ತೋರಿಸುವಾಗ ನಾನು ಎದ್ದು ಹೋದೆ, ನೀನು ಮುನಿಸೆಂದುಕೊಂಡೆ. 17ರಂದು ನೌಕಾಪಡೆಯ ಹೆಲಿಕಾಪ್ಟರ್ ಮತ್ತು ಕರಾವಳಿ ಕಾವಲು ಪಡೆಯವರು ಒಂಬತ್ತೂ ಜನರನ್ನು ಉಳಿಸಿದರೆಂದು ನೀನು ಒಳಗೆ ಬಂದು ಹೇಳುವವರೆಗೆ ನಾನು ಊಟ ಮಾಡಿರಲಿಲ್ಲ.

ನನ್ನ ಹೆದರಿಕೆಯನ್ನು ನಿನಗೆ ಕಾಣದಂತೆ ಅಷ್ಟು ಚೆನ್ನಾಗಿ ಮುಚ್ಚಿಟ್ಟೆ. ಬಿರುಗಾಳಿಯೆಂದರೆ ಅಪ್ಪಯ್ಯನ ಜೊತೆ ಅಲೆ ಎಣಿಸುವ ಆಟ ಎಂದು ನೀನು ಕಲಿತೆ. ಕಲಿಸಿದವನು ನಾನು. ಒಂಬತ್ತು ದಿನದ ಹಿಂದೆ ಕೂಗಾಡಿದ್ದು ನಿನ್ನ ಮೇಲಲ್ಲ, ಆ ಮುರಿದ ಡಾಂಬರಿನ ಮೇಲೆ.

ಉಪದೇಶ ಮಾಡಬಾರದೆಂದು ಕುಳಿತವನು, ಆದರೂ ಹೇಳುತ್ತೇನೆ. ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಎಂದರೆ ದಿನಕ್ಕೆ 115 ಮಿಲಿಮೀಟರ್ ದಾಟಿ 204ರವರೆಗೂ ಮಳೆ ಸುರಿಯಬಹುದು ಎಂದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮಲ್ಪೆಯ ಯಾಂತ್ರಿಕ ದೋಣಿಗಳೆಲ್ಲ ಬಂದರಿನಲ್ಲಿ ಕಟ್ಟಿಕೊಂಡಿರುತ್ತವೆ. ನಾಡದೋಣಿಯವರಿಗೆ ಆ ನಿಷೇಧವಿಲ್ಲ, ಆದರೂ ಕಡಲು ತಣಿಯದೆ ಅವರು ದೋಣಿ ಇಳಿಸುವುದಿಲ್ಲ. ಹುಟ್ಟಿದಂದಿನಿಂದ ಕಡಲು ನೋಡಿದವರು ಕಾಯುತ್ತಾರೆ, ನಾವು ಕಾಯಬಾರದೇ? ರಸ್ತೆಯ ಮೇಲೆ ನೀರು ಹರಿಯುತ್ತಿದ್ದು ಕೆಳಗಿನ ಡಾಂಬರು ಕಾಣದಿದ್ದರೆ ಮುಂದೆ ಹೋಗಬೇಡ, ಯಾರು ನಕ್ಕರೂ ಹಿಂದಿರುಗು. ತೆಂಗಿನ ಕೆಳಗೆ ನಿಲ್ಲಿಸಬೇಡ. ನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಮತ್ತೆ ಕೀಲಿ ತಿರುಗಿಸಬೇಡ. ಟೈರಿನ ಗೆರೆಯ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆಯಾಗಿದ್ದರೆ ಬದಲಿಸು, ಸವೆದ ಟೈರ್ ನೀರಿನ ಮೇಲೆ ತೇಲುತ್ತದೆ, ಬ್ರೇಕ್ ಕೇಳುವುದಿಲ್ಲ. ಇನ್ನೂ ಇವೆ. ಬಿಡು.

ಹೋಗಬೇಡ ಎಂದು ಬರೆಯಲು ಕೈ ಬರುತ್ತಿಲ್ಲ. ಸೆಪ್ಟೆಂಬರ್‌ನಲ್ಲಿ ಮಳೆ ಇಳಿದ ಮೇಲೆ ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗು, ನೀನೇ ಓಡಿಸು. ಆ ಜಾಗವನ್ನು ತೋರಿಸುತ್ತೇನೆ. ಅಮ್ಮನಿಗೆ ಈ ವಾರವೇ ಹೇಳುತ್ತೇನೆ, ನೀನು ಹೇಳಬೇಡ, ನಾನೇ ಹೇಳಬೇಕು.

ಇನ್ನೊಂದು. ವಿಡಿಯೊದಲ್ಲಿ ನಿನ್ನ ಎದುರಿನ ಗಾಜನ್ನು ವೈಪರ್ ಪೂರ್ತಿ ಒರೆಸುತ್ತಿಲ್ಲ. ಸರಿಯಾಗಿ ಕಣ್ಣಿನ ಮಟ್ಟದಲ್ಲಿ ಒಂದು ಪಟ್ಟಿ ಮಸುಕಾಗಿಯೇ ಉಳಿಯುತ್ತದೆ. ರಬ್ಬರ್ ಹೋಗಿದೆ. ನಿನ್ನೆ ಬ್ರಹ್ಮಾವರದ ಅಂಗಡಿಯಿಂದ ಹೊಸದನ್ನು ತಂದೆ. ನಿನ್ನ ಕಾರಿನ ಅಳತೆ ಗೊತ್ತಿರಲಿಲ್ಲ, ಎರಡು ಅಳತೆಯವನ್ನೂ ತಂದಿಟ್ಟಿದ್ದೇನೆ. ಭಾನುವಾರ ಬಂದರೆ ಹಾಕಿಕೊಡುತ್ತೇನೆ.

ಇಂತಿ,
ನಿನ್ನ ಅಪ್ಪಯ್ಯ